ಹಿಪ್ ಹಾಪ್ ಬೀಟ್‌ಗೆ ಯಾವ ಸ್ಯಾಂಪ್ಲರ್? ಕೊಳ್ಳುವ ಮುನ್ನ ತಿಳಿಯಬೇಕಾದದ್ದು

ಬೀಟ್, ಅಂದರೆ ರ‍್ಯಾಪ್‌ನ ಅಡಿಯಲ್ಲಿ ನಡೆಯುವ ಲಯ ಮತ್ತು ಸಂಗೀತ, ಕಟ್ಟಲು ಒಂದು ಕಂಪ್ಯೂಟರ್ ಇದ್ದರೆ ಸಾಕಾಗುವ ಕಾಲದಲ್ಲಿ ಹಾರ್ಡ್‌ವೇರ್ ಸ್ಯಾಂಪ್ಲರ್‌ಗಳತ್ತ, ಅಂದರೆ ಧ್ವನಿಯ ತುಣುಕು ಹಿಡಿದು ನುಡಿಸುವ ಪೆಟ್ಟಿಗೆಗಳತ್ತ, ಜನ ಮತ್ತೆ ತಿರುಗಿದ್ದಾರೆ. ಹಳೆಯ ತಯಾರಕರು ಹೊಸ ಮಾದರಿಗಳನ್ನು ತಂದಿದ್ದಾರೆ. ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕ ಯಂತ್ರಗಳೂ ಬಂದಿವೆ. ಪರದೆಯ ಮುಂದೆ ಮೌಸ್ ಹಿಡಿದು ಕೂರುವುದಕ್ಕಿಂತ ಬೆರಳಿನಿಂದ ಬಡಿದು ಲಯ ಕಟ್ಟುವುದು ಹಿತ ಎನಿಸಿದವರು ಮೊದಲ ಯಂತ್ರ ಹುಡುಕಲು ಹೊರಟರೆ ಎದುರಾಗುವುದು ಬಿಟ್, ಕಿಲೋಹರ್ಟ್ಸ್, ಪಾಲಿಫೊನಿ, ರೀಸ್ಯಾಂಪ್ಲಿಂಗ್ ಎಂಬ ಪದಗಳ ರಾಶಿ.

ಈ ಪದಗಳ ಹಿಂದಿರುವ ಕೆಲಸ ಅರ್ಥವಾದರೆ ಆಯ್ಕೆ ಕಷ್ಟವಲ್ಲ. ಪ್ರತಿ ಸ್ಯಾಂಪ್ಲರ್‌ಗೂ ಒಂದು ಮಿತಿ ಇದೆ, ಆ ಮಿತಿಯೇ ಅದರಲ್ಲಿ ಹುಟ್ಟುವ ಬೀಟ್‌ನ ನಡಿಗೆಯನ್ನು ತಿದ್ದುತ್ತದೆ. ಯಾವ ಯಂತ್ರದಲ್ಲಿ ಹೆಚ್ಚು ಸೌಲಭ್ಯವಿದೆ ಎಂದು ಎಣಿಸುವ ಮೊದಲು, ಯಾವ ಯಂತ್ರದ ಮಿತಿಯೊಂದಿಗೆ ನಿಮ್ಮ ಕೆಲಸದ ರೀತಿ ಹೊಂದುತ್ತದೆ ಎಂದು ಕೇಳಿಕೊಳ್ಳಬೇಕು.

ಸ್ಯಾಂಪ್ಲರ್ ಮಾಡುವುದೇನು?

ಧ್ವನಿಯ ತುಣುಕೊಂದನ್ನು ದಾಖಲಿಸಿಕೊಂಡು, ಅದನ್ನು ಒಂದು ಗುಂಡಿಗೆ ಹೊಂದಿಸಿ, ಗುಂಡಿ ಒತ್ತಿದಾಗ ನುಡಿಸುವ ಯಂತ್ರವೇ ಸ್ಯಾಂಪ್ಲರ್. ಆ ತುಣುಕಿಗೆ ಸ್ಯಾಂಪಲ್ ಎಂದು ಹೆಸರು; ಮೆತ್ತನೆಯ ರಬ್ಬರಿನ ಚೌಕ ಗುಂಡಿಗೆ ಪ್ಯಾಡ್ ಎಂದು ಹೆಸರು. ಸಿಂಥಸೈಸರ್ ತನ್ನ ಧ್ವನಿಯನ್ನು ತಾನೇ ಹುಟ್ಟಿಸುತ್ತದೆ. ಸ್ಯಾಂಪ್ಲರ್‌ಗೆ ಸ್ವಂತ ಧ್ವನಿ ಇಲ್ಲ. ಹಳೆಯ ಧ್ವನಿಮುದ್ರಿಕೆ, ಬಾಗಿಲು ಬಡಿದ ಸದ್ದು, ನಿಮ್ಮದೇ ಗಂಟಲು, ಏನು ಕೊಟ್ಟರೂ ಅದನ್ನೇ ವಾದ್ಯವನ್ನಾಗಿ ಮಾಡುತ್ತದೆ.

ಹಿಪ್ ಹಾಪ್‌ಗೂ ಈ ಯಂತ್ರಕ್ಕೂ ಇರುವ ನಂಟು ಯಂತ್ರಕ್ಕಿಂತ ಹಳೆಯದು. 1973ರ ಆಗಸ್ಟ್ 11ರಂದು ನ್ಯೂಯಾರ್ಕ್‌ನ ಬ್ರಾಂಕ್ಸ್‌ನಲ್ಲಿ ನಡೆದ ಕೂಟವೊಂದನ್ನು ಹಿಪ್ ಹಾಪ್‌ನ ಹುಟ್ಟುದಿನವೆಂದು ಎಣಿಸುವುದು ರೂಢಿ. ಅಲ್ಲಿ ಸಂಗೀತ ನುಡಿಸಿದ ಡಿಜೆ ಕೂಲ್ ಹರ್ಕ್ ಅವರ ಹೆಸರಿನೊಂದಿಗೆ ಬೆಸೆದಿರುವ ಕೌಶಲ ಇದು: ಒಂದೇ ಧ್ವನಿಮುದ್ರಿಕೆಯ ಎರಡು ಪ್ರತಿಗಳನ್ನು ಎರಡು ತಿರುಗುಮಣೆಗಳ (ಟರ್ನ್‌ಟೇಬಲ್) ಮೇಲಿಟ್ಟು, ಉಳಿದ ವಾದ್ಯಗಳು ಸುಮ್ಮನಾಗಿ ಡ್ರಮ್ ಮಾತ್ರ ಉಳಿಯುವ ಭಾಗವನ್ನು ಮತ್ತೆ ಮತ್ತೆ ನುಡಿಸುವುದು. ಆ ಭಾಗವನ್ನು ಬ್ರೇಕ್ ಎನ್ನುತ್ತಾರೆ. ಕೈಯಿಂದ ಮಾಡುತ್ತಿದ್ದ ಆ ಕೆಲಸವನ್ನು ಮುಂದೆ ಸ್ಯಾಂಪ್ಲರ್ ವಹಿಸಿಕೊಂಡಿತು. ತುಣುಕು ಸುತ್ತಿ ಸುತ್ತಿ ನುಡಿದರೆ ಅದು ಲೂಪ್.

ಇಂದು ಬೀಟ್‌ಗಾಗಿ ಮಾರುವ ಬಹುತೇಕ ಸ್ಯಾಂಪ್ಲರ್‌ಗಳಲ್ಲಿ ಮೂರು ಯಂತ್ರಗಳು ಒಟ್ಟಿಗಿವೆ: ಧ್ವನಿ ಹಿಡಿಯುವ ಭಾಗ, ಯಾವ ಪ್ಯಾಡ್ ಯಾವ ಕ್ಷಣದಲ್ಲಿ ನುಡಿಯಬೇಕೆಂದು ನೆನಪಿಡುವ ಸೀಕ್ವೆನ್ಸರ್, ಧ್ವನಿಗೆ ಪ್ರತಿಧ್ವನಿ ಅಥವಾ ಒರಟುತನ ಸೇರಿಸುವ ಎಫೆಕ್ಟ್ ಭಾಗ. ಇಲ್ಲಿ ಒಂದು ಎಚ್ಚರಿಕೆ ಬೇಕು. ಪ್ಯಾಡ್ ಇದ್ದ ಮಾತ್ರಕ್ಕೆ ಅದು ಸ್ಯಾಂಪ್ಲರ್ ಆಗುವುದಿಲ್ಲ. ಕೆಲವು ಪೆಟ್ಟಿಗೆಗಳು ಬರೀ ಕಂಟ್ರೋಲರ್, ಧ್ವನಿಯೆಲ್ಲ ಕಂಪ್ಯೂಟರಿನಲ್ಲಿರುತ್ತದೆ. ನೇಟಿವ್ ಇನ್‌ಸ್ಟ್ರುಮೆಂಟ್ಸ್ ಸಂಸ್ಥೆ 2009ರಲ್ಲಿ ತಂದ ಮಶೀನ್ ಹಾಗಿತ್ತು. ಕಂಪ್ಯೂಟರ್ ಇಲ್ಲದೆ ತಾನೇ ನಡೆಯುವ ಮಶೀನ್ ಪ್ಲಸ್ ಬಂದದ್ದು 2020ರಲ್ಲಿ. ಕಂಪ್ಯೂಟರಿನಿಂದ ದೂರ ಇರಲೆಂದೇ ಯಂತ್ರ ಹುಡುಕುವವರು ವಿವರಣೆಯಲ್ಲಿ ‘ಸ್ಟ್ಯಾಂಡ್‌ಅಲೋನ್’ ಎಂಬ ಮಾತು ಇದೆಯೇ ಎಂದು ಮೊದಲು ನೋಡಬೇಕು.

ಹತ್ತು ಸೆಕೆಂಡಿನ ಯಂತ್ರ ಕಲಿಸಿದ ಪಾಠ

ಇ-ಮು ಸಂಸ್ಥೆಯ ಎಸ್‌ಪಿ-1200 ಮಾರುಕಟ್ಟೆಗೆ ಬಂದದ್ದು 1987ರಲ್ಲಿ. ಅದರಲ್ಲಿ ಒಟ್ಟು ಹಿಡಿಯುತ್ತಿದ್ದ ಧ್ವನಿ ಸುಮಾರು 10 ಸೆಕೆಂಡು. ಒಂದೊಂದು ತುಣುಕಿಗೆ ಹೆಚ್ಚೆಂದರೆ 2.5 ಸೆಕೆಂಡು. ಹಿಪ್ ಹಾಪ್‌ನ ಬಹಳಷ್ಟು ಬೀಟ್‌ಗಳು ನಿಮಿಷಕ್ಕೆ 90 ಬಡಿತಗಳ ಆಸುಪಾಸಿನಲ್ಲಿ ನಡೆಯುತ್ತವೆ. ಆ ವೇಗದಲ್ಲಿ ನಾಲ್ಕು ಬಡಿತಗಳ ಒಂದು ಸುತ್ತಿಗೆ, ಅಂದರೆ ಒಂದು ಬಾರ್‌ಗೆ, 2.67 ಸೆಕೆಂಡು ಬೇಕು. ಒಂದೇ ಒಂದು ಬಾರ್ ಕೂಡ ಆ ಯಂತ್ರದ ತುಣುಕಿನಲ್ಲಿ ಹಿಡಿಸುವುದಿಲ್ಲ.

ಬೀಟ್ ಕಟ್ಟುವವರು ದಾರಿ ಕಂಡುಕೊಂಡರು. ನಿಮಿಷಕ್ಕೆ 33⅓ ಸುತ್ತು ತಿರುಗಬೇಕಾದ ಧ್ವನಿಮುದ್ರಿಕೆಯನ್ನು 45 ಸುತ್ತಿನ ವೇಗದಲ್ಲಿ ನುಡಿಸಿ ದಾಖಲಿಸಿದರು. ಆಗ ಅದೇ ಬಾರ್ ಎರಡು ಸೆಕೆಂಡಿನೊಳಗೆ ಮುಗಿಯುತ್ತದೆ. ಬಳಿಕ ಯಂತ್ರದೊಳಗೆ ಅದನ್ನು ನಿಧಾನಗೊಳಿಸಿ ಮೂಲ ವೇಗಕ್ಕೆ ತಂದರು. ಜಾಗವೇನೋ ಉಳಿಯಿತು, ಜೊತೆಗೆ ಯಾರೂ ಯೋಜಿಸದ ಫಲವೊಂದು ಸಿಕ್ಕಿತು.

ಅದನ್ನು ಅರಿಯಲು ಎರಡು ಸಂಖ್ಯೆಗಳು ಗೊತ್ತಿರಬೇಕು. ಡಿಜಿಟಲ್ ಯಂತ್ರ ಧ್ವನಿಯನ್ನು ಸೆಕೆಂಡಿಗೆ ಸಾವಿರಾರು ಸಲ ಅಳೆದು ಅಂಕಿಗಳಾಗಿ ಬರೆದಿಡುತ್ತದೆ. ಸೆಕೆಂಡಿಗೆ ಎಷ್ಟು ಸಲ ಅಳೆಯಿತು ಎಂಬುದೇ ಸ್ಯಾಂಪಲ್ ದರ; ಅದನ್ನು ಕಿಲೋಹರ್ಟ್ಸ್‌ನಲ್ಲಿ, ಅಂದರೆ ಸೆಕೆಂಡಿಗೆ ಎಷ್ಟು ಸಾವಿರ ಸಲ ಎಂಬ ಲೆಕ್ಕದಲ್ಲಿ, ಹೇಳುತ್ತಾರೆ. ಪ್ರತಿ ಅಳತೆ ಎಷ್ಟು ಸೂಕ್ಷ್ಮ ಎಂಬುದು ಬಿಟ್ ಲೆಕ್ಕ. 12 ಬಿಟ್ ಎಂದರೆ 4,096 ಮೆಟ್ಟಿಲುಗಳು, 16 ಬಿಟ್ ಎಂದರೆ 65,536. ಸ್ಯಾಂಪಲ್ ದರದ ಅರ್ಧಕ್ಕಿಂತ ಮೇಲಿನ ಕಂಪನಗಳನ್ನು ಯಂತ್ರ ಸರಿಯಾಗಿ ಹಿಡಿಯಲಾರದು. ಸಿ.ಡಿ.ಯ ಅಳತೆ 16 ಬಿಟ್, 44.1 ಕಿಲೋಹರ್ಟ್ಸ್, ಎಸ್‌ಪಿ-1200ರದ್ದು 12 ಬಿಟ್, ಸುಮಾರು 26 ಕಿಲೋಹರ್ಟ್ಸ್. ಅಂದರೆ 13 ಕಿಲೋಹರ್ಟ್ಸ್‌ಗಿಂತ ಮೇಲಿನ ಮಿನುಗು ದಾಖಲಾಗುವಾಗಲೇ ಹೋಯಿತು. ಅದನ್ನು 45ರಿಂದ 33⅓ಕ್ಕೆ ಇಳಿಸಿದಾಗ ಉಳಿದದ್ದೂ ಕೆಳಗೆ ಸರಿದು, ಮೂಲದ ಸ್ವರಗಳು ಹತ್ತು ಕಿಲೋಹರ್ಟ್ಸ್‌ನ ಒಳಗೇ ನಿಂತವು. ನಿಧಾನಗೊಳಿಸುವ ಲೆಕ್ಕಾಚಾರವೂ ಒರಟಾಗಿದ್ದುದರಿಂದ ಮೂಲದಲ್ಲಿಲ್ಲದ ಮರಳುಮರಳಾದ ಸದ್ದು ಸೇರಿಕೊಂಡಿತು. ನ್ಯೂಯಾರ್ಕ್‌ನ 1980ರ ದಶಕದ ಕೊನೆಯ ಹಾಗೂ 90ರ ದಶಕದ ಮೊದಲ ಹಿಪ್ ಹಾಪ್‌ನಲ್ಲಿ ಕೇಳುವ ದಪ್ಪ, ಮಸುಕು ಡ್ರಮ್ ಧ್ವನಿಗೆ ಇದು ಒಂದು ದೊಡ್ಡ ಕಾರಣ.

ಈ ಒರಟುತನ ಬೇಕೆಂದು ಹಳೆಯ ಯಂತ್ರವನ್ನೇ ಕೊಳ್ಳಬೇಕಿಲ್ಲ. ಇಂದಿನ ಬಹಳಷ್ಟು ಸ್ಯಾಂಪ್ಲರ್‌ಗಳು ಸ್ವಚ್ಛವಾಗಿ ದಾಖಲಿಸಿ, ಆಮೇಲೆ ಬಿಟ್ ಮತ್ತು ದರವನ್ನು ಇಳಿಸುವ ಎಫೆಕ್ಟ್ ಕೊಡುತ್ತವೆ. ವೇಗ ಹೆಚ್ಚಿಸಿ ದಾಖಲಿಸಿ ಇಳಿಸುವ ಉಪಾಯವನ್ನು ಯಾವ ಯಂತ್ರದಲ್ಲಾದರೂ ಮಾಡಬಹುದು. ಸ್ವಚ್ಛವಾದುದನ್ನು ಒರಟಾಗಿಸಬಹುದು, ಒರಟಾದುದನ್ನು ಸ್ವಚ್ಛಗೊಳಿಸಲಾಗದು. ಹಾಗಾಗಿ ಬಿಟ್ ಮತ್ತು ಕಿಲೋಹರ್ಟ್ಸ್ ಇಂದಿನ ಆಯ್ಕೆಯಲ್ಲಿ ದೊಡ್ಡ ಪ್ರಶ್ನೆಯಾಗಿ ಉಳಿದಿಲ್ಲ.

ಕತ್ತರಿಸುವುದು: ದಿನವೂ ಮಾಡುವ ಕೆಲಸ

ಮೂರ್ನಾಲ್ಕು ಬಾರ್‌ಗಳ ಸ್ಯಾಂಪಲ್ ಒಂದನ್ನು ಹತ್ತಾರು ಚೂರುಗಳಾಗಿ ಕತ್ತರಿಸಿ, ಒಂದೊಂದು ಪ್ಯಾಡ್‌ಗೆ ಒಂದೊಂದು ಚೂರು ಹೊಂದಿಸಿ, ಬೇರೆ ಕ್ರಮದಲ್ಲಿ ನುಡಿಸಿ ಹೊಸ ರಾಗ ಕಟ್ಟುವುದಕ್ಕೆ ಚಾಪ್ ಮಾಡುವುದು ಎನ್ನುತ್ತಾರೆ. ಸ್ಯಾಂಪಲ್ ಆಧಾರಿತ ಬೀಟ್ ಕಟ್ಟುವವರ ಬಹುಪಾಲು ಸಮಯ ಇಲ್ಲೇ ಕಳೆಯುತ್ತದೆ. ಯಂತ್ರ ಪರೀಕ್ಷಿಸುವಾಗ ನನ್ನ ಮೊದಲ ಗಮನ ಹೋಗುವುದೂ ಇಲ್ಲಿಗೇ.

ಕತ್ತರಿಸಲು ಮೂರು ಬಗೆಯ ದಾರಿಗಳಿವೆ. ತುಣುಕನ್ನು ಎಂಟು ಅಥವಾ ಹದಿನಾರು ಸಮಭಾಗ ಮಾಡುವುದು ಒಂದು. ಲಯ ಕಟ್ಟುನಿಟ್ಟಾಗಿರುವ ಡ್ರಮ್ ಲೂಪ್‌ಗೆ ಇದು ಸಾಕು. ಪೆಟ್ಟು ಬಿದ್ದ ಜಾಗಗಳನ್ನು ಯಂತ್ರವೇ ಗುರುತಿಸಿ ಕತ್ತರಿಸುವುದು ಇನ್ನೊಂದು. ಬ್ರೇಕ್‌ಗಳಿಗೆ ಚೆನ್ನ, ಪಿಟೀಲಿನಂತೆ ಹರಿಯುವ ಧ್ವನಿಯಲ್ಲಿ ಎಡವುತ್ತದೆ. ಮೂರನೆಯದು ಹಾಡು ಓಡುತ್ತಿರುವಾಗ ಕಿವಿಗೆ ಹಿತವಾದ ಕ್ಷಣದಲ್ಲೆಲ್ಲ ಪ್ಯಾಡ್ ಒತ್ತುತ್ತಾ ಹೋಗುವುದು. ಒತ್ತಿದ ಕಡೆಯಲ್ಲೆಲ್ಲ ಗುರುತು ಬೀಳುತ್ತದೆ. ಈ ಮೂರನೆಯದು ಸಂಗೀತಕ್ಕೆ ತೀರ ಹತ್ತಿರದ ದಾರಿ, ಏಕೆಂದರೆ ಕತ್ತರಿಸುವಾಗಲೇ ನೀವು ನುಡಿಸುತ್ತಿರುತ್ತೀರಿ.

ಕತ್ತರಿಸಿದ ಮೇಲೆ ಅಂಚುಗಳನ್ನು ಸರಿಪಡಿಸಬೇಕು. ಅರ್ಧ ಪೆಟ್ಟಿನಿಂದ ಶುರುವಾದ ಚೂರು ಟಕ್ ಎನ್ನುತ್ತದೆ. ಇಲ್ಲಿ ಪರದೆಯ ಗಾತ್ರ ಮುಖ್ಯವಾಗುತ್ತದೆ: ಧ್ವನಿಯ ಅಲೆಯ ಚಿತ್ರ ದೊಡ್ಡದಾಗಿ ಕಂಡರೆ ಕೆಲಸ ಬೇಗ. ಚಿತ್ರವೇ ಇಲ್ಲದ ಯಂತ್ರದಲ್ಲಿ ಕಿವಿಯೇ ಗತಿ, ಅದನ್ನೇ ಬಯಸುವವರೂ ಇದ್ದಾರೆ.

ಚೂರು ನುಡಿಯುವ ಬಗೆಯೂ ಎರಡು. ಒಮ್ಮೆ ಒತ್ತಿದರೆ ಕೊನೆಯವರೆಗೂ ಓಡುವುದು ಒನ್-ಶಾಟ್, ಬೆರಳು ಎತ್ತಿದೊಡನೆ ನಿಲ್ಲುವುದು ಗೇಟ್. ಡ್ರಮ್‌ಗೆ ಮೊದಲನೆಯದು, ರಾಗದ ಚೂರುಗಳಿಗೆ ಸಾಮಾನ್ಯವಾಗಿ ಎರಡನೆಯದು. ಒಂದು ಚೂರು ಬಂದಾಗ ಇನ್ನೊಂದು ತಾನಾಗಿ ನಿಲ್ಲುವಂತೆ ಗುಂಪು ಮಾಡುವ ಸೌಲಭ್ಯಕ್ಕೆ ಮ್ಯೂಟ್ ಗ್ರೂಪ್ ಎಂದು ಹೆಸರು. ಅದಿಲ್ಲದಿದ್ದರೆ ಚೂರುಗಳು ಒಂದರ ಮೇಲೊಂದು ಬಿದ್ದು ಕಲಸುಮೇಲೋಗರವಾಗುತ್ತದೆ.

ವೇಗ ಬದಲಿಸಿದರೆ ಶ್ರುತಿ ಏನಾಗುತ್ತದೆ?

96 ಬಡಿತದ ಸ್ಯಾಂಪಲ್ ಅನ್ನು 88 ಬಡಿತದ ಬೀಟ್‌ಗೆ ಹೊಂದಿಸಬೇಕೆನ್ನಿ. ಸರಳ ದಾರಿಯೆಂದರೆ ನಿಧಾನವಾಗಿ ಓಡಿಸುವುದು. ಆಗ ಶ್ರುತಿ ಸುಮಾರು ಒಂದೂವರೆ ಸೆಮಿಟೋನ್‌ನಷ್ಟು (ಹಾರ್ಮೋನಿಯಂನ ಪಕ್ಕಪಕ್ಕದ ಎರಡು ಮಣೆಗಳ ಅಂತರ ಒಂದು ಸೆಮಿಟೋನ್) ಇಳಿಯುತ್ತದೆ, ಗಾಯಕರ ಗಂಟಲು ಸ್ವಲ್ಪ ಭಾರವಾಗುತ್ತದೆ. ಹಿಪ್ ಹಾಪ್ ಈ ಬದಲಾವಣೆಯನ್ನು ಬಹಳ ಹಿಂದೆಯೇ ತನ್ನ ಸೊಗಸನ್ನಾಗಿ ಮಾಡಿಕೊಂಡಿದೆ.

ಶ್ರುತಿ ಹಾಗೆಯೇ ಉಳಿದು ವೇಗ ಮಾತ್ರ ಬದಲಾಗಬೇಕಿದ್ದರೆ ಟೈಮ್ ಸ್ಟ್ರೆಚ್ ಬೇಕು. ಯಂತ್ರ ಧ್ವನಿಯನ್ನು ಅತಿ ಸಣ್ಣ ಕಣಗಳಾಗಿ ಒಡೆದು ಎಳೆದು ಜೋಡಿಸುತ್ತದೆ. ಕಡಿಮೆ ಎಳೆದರೆ ಗೊತ್ತಾಗದು, ಹೆಚ್ಚು ಎಳೆದರೆ ಧ್ವನಿ ನಡುಗುತ್ತದೆ. ಬೇರೆ ಬೇರೆ ಹಾಡುಗಳ ಉದ್ದನೆಯ ಲೂಪ್‌ಗಳನ್ನು ಒಂದರ ಮೇಲೊಂದು ಕೂರಿಸುವವರಿಗೆ ಇದು ಬೇಕೇಬೇಕು. ಸಣ್ಣ ಚೂರುಗಳಲ್ಲಿ ಕೆಲಸ ಮಾಡುವವರಿಗೆ ಅಷ್ಟಾಗಿ ಬೇಡ, ಏಕೆಂದರೆ ಚೂರುಗಳ ನಡುವಿನ ಅಂತರವನ್ನೇ ಅವರು ಬದಲಿಸುತ್ತಾರೆ.

ಲಯ: ಸೀಕ್ವೆನ್ಸರ್ ಮತ್ತು ಸ್ವಿಂಗ್

ಸೀಕ್ವೆನ್ಸರ್‌ಗೆ ಲಯ ಹೇಳಿಕೊಡಲು ಎರಡು ರೀತಿ. ಗಡಿಯಾರದ ಟಿಕ್ ಟಿಕ್ ಕೇಳುತ್ತಾ ಪ್ಯಾಡ್ ಬಡಿದರೆ ಯಂತ್ರ ಅದನ್ನು ನೆನಪಿಡುತ್ತದೆ. ಇದು ನೈಜ ಸಮಯದ ದಾಖಲೆ. ಅಥವಾ ಒಂದು ಬಾರ್ ಅನ್ನು ಹದಿನಾರು ಮನೆಗಳಾಗಿ ವಿಂಗಡಿಸಿದ ಗುಂಡಿಗಳ ಸಾಲಿನಲ್ಲಿ ಡ್ರಮ್‌ನ ದಪ್ಪ ಪೆಟ್ಟಾದ ಕಿಕ್ ಯಾವ ಮನೆಗೆ, ಚುರುಕು ಪೆಟ್ಟಾದ ಸ್ನೇರ್ ಯಾವ ಮನೆಗೆ ಎಂದು ಗುರುತು ಹಾಕುತ್ತಾ ಹೋಗಬಹುದು. ಇದು ಸ್ಟೆಪ್ ಪದ್ಧತಿ. ಎರಡೂ ಇರುವ ಯಂತ್ರಗಳೇ ಹೆಚ್ಚು, ಆದರೆ ಪ್ರತಿ ಯಂತ್ರವೂ ಒಂದರತ್ತ ವಾಲಿರುತ್ತದೆ.

ಕೈಯಿಂದ ಬಡಿದದ್ದು ಹಿಂದೆ ಮುಂದೆ ಆಗಿದ್ದರೆ ಯಂತ್ರ ಅದನ್ನು ಹತ್ತಿರದ ಮನೆಗೆ ಎಳೆದು ಕೂರಿಸಬಲ್ಲದು. ಇದೇ ಕ್ವಾಂಟೈಸ್. ಎಲ್ಲವನ್ನೂ ಹೀಗೆ ಎಳೆದರೆ ಬೀಟ್ ಬಿಗಿದುಕೊಳ್ಳುತ್ತದೆ, ತಲೆದೂಗಿಸುವ ಗುಣ ಹೋಗುತ್ತದೆ. ಈ ತೊಡಕಿಗೆ ಅಮೆರಿಕದ ವಿನ್ಯಾಸಕಾರ ರೋಜರ್ ಲಿನ್ ಕಂಡುಕೊಂಡ ಪರಿಹಾರ ಸ್ವಿಂಗ್. 1980ರ ದಶಕದ ಆರಂಭದ ತಮ್ಮ ಡ್ರಮ್ ಯಂತ್ರಗಳಲ್ಲಿ ಅದನ್ನು ಅಳವಡಿಸಿದ್ದ ಅವರು, ಅಕಾಯ್ ಸಂಸ್ಥೆಗಾಗಿ ರೂಪಿಸಿದ ಎಂಪಿಸಿ60 ಯಂತ್ರಕ್ಕೂ 1988ರಲ್ಲಿ ತಂದರು. ನಾಲ್ಕು ಸಾಲು, ನಾಲ್ಕು ಕಂಬಗಳ ಹದಿನಾರು ಪ್ಯಾಡ್‌ಗಳ ಜೋಡಣೆ ಮನೆಮಾತಾದದ್ದೂ ಆ ಯಂತ್ರದಿಂದಲೇ.

ಸ್ವಿಂಗ್‌ನ ಲೆಕ್ಕ ಹೀಗೆ. 90 ಬಡಿತದ ವೇಗದಲ್ಲಿ ಅರ್ಧ ಬಡಿತಕ್ಕೆ 333 ಮಿಲಿಸೆಕೆಂಡು. ಅದರಲ್ಲಿ ಹೈ-ಹ್ಯಾಟ್‌ನ (ಡ್ರಮ್ ಸೆಟ್‌ನ ಜೋಡಿ ತಾಳ) ಎರಡು ಪೆಟ್ಟುಗಳಿದ್ದರೆ ನಡುವಿನ ಗೆರೆ 167ರಲ್ಲಿ ಬೀಳುತ್ತದೆ. ಇದು ಶೇಕಡಾ 50, ಅಂದರೆ ಸ್ವಿಂಗ್ ಇಲ್ಲ. ಶೇಕಡಾ 54ಕ್ಕೆ ತಿರುಗಿಸಿದರೆ ಎರಡನೆಯ ಪೆಟ್ಟು 180ಕ್ಕೆ ಸರಿಯುತ್ತದೆ. ಕೇವಲ 13 ಮಿಲಿಸೆಕೆಂಡಿನ ವಿಳಂಬ. ಎಣಿಸಿ ಹೇಳಲು ಕಿವಿಗೆ ಆಗುವುದಿಲ್ಲ, ಆದರೆ ಮೈಗೆ ತಿಳಿಯುತ್ತದೆ. 66ರ ಹತ್ತಿರ ಹೋದರೆ ಅದು ತಿಶ್ರ ನಡೆಯಾಗಿ ಕುಣಿಯತೊಡಗುತ್ತದೆ.

ಕ್ವಾಂಟೈಸ್ ಅನ್ನು ಬದಿಗಿಟ್ಟು ಕೈಯ ನಡೆಯನ್ನೇ ನಂಬಿದವರಲ್ಲಿ ಡೆಟ್ರಾಯಿಟ್‌ನ ಬೀಟ್ ನಿರ್ಮಾಪಕ ಜೆ ಡಿಲ್ಲಾ ಪ್ರಮುಖರು. ಅವರು ಬಳಸಿದ ಎಂಪಿಸಿ3000 ಇಂದು ವಾಷಿಂಗ್ಟನ್‌ನಲ್ಲಿ, ಆಫ್ರಿಕನ್ ಅಮೆರಿಕನ್ ಇತಿಹಾಸ ಮತ್ತು ಸಂಸ್ಕೃತಿಯ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿದೆ. ಅಂಥ ನಡೆ ಬಯಸುವವರು ನೋಡಬೇಕಾದದ್ದು ಮೂರು: ಕ್ವಾಂಟೈಸ್ ಅನ್ನು ಪೂರ್ತಿ ತೆಗೆಯಬಹುದೇ, ಒಂದೊಂದು ಪೆಟ್ಟನ್ನು ಪ್ರತ್ಯೇಕವಾಗಿ ಹಿಂದೆ ಮುಂದೆ ಸರಿಸಬಹುದೇ, ಪ್ಯಾಡ್‌ಗೆ ಪೆಟ್ಟಿನ ಬಲ ತಿಳಿಯುತ್ತದೆಯೇ. ಬಲ ತಿಳಿಯದ ಗುಂಡಿಯಲ್ಲಿ ಮೆಲ್ಲಗೆ ಮುಟ್ಟಿದರೂ ಗುದ್ದಿದರೂ ಒಂದೇ ಸದ್ದು.

ನೆನಪಿನ ಲೆಕ್ಕ

ಯಂತ್ರದಲ್ಲಿ ಎರಡು ಬಗೆಯ ನೆನಪು ಇರುತ್ತದೆ. ಮೆಮೊರಿ ಕಾರ್ಡ್ ಅಥವಾ ಒಳಗಿನ ಸಂಗ್ರಹ ಪುಸ್ತಕದ ಕಪಾಟಿನಂತೆ. ರ‍್ಯಾಮ್ ಓದುವ ಮೇಜಿನಂತೆ. ಕಪಾಟು ಎಷ್ಟೇ ದೊಡ್ಡದಿರಲಿ, ಒಂದು ಬೀಟ್‌ನಲ್ಲಿ ಏಕಕಾಲಕ್ಕೆ ಹರಡಿಕೊಳ್ಳಬಹುದಾದದ್ದು ಮೇಜಿನ ಅಗಲದಷ್ಟೇ.

ಸಿ.ಡಿ. ಗುಣಮಟ್ಟದ ಸ್ಟೀರಿಯೋ (ಎಡ, ಬಲ ಬೇರೆಯಾಗಿರುವ) ಧ್ವನಿ ನಿಮಿಷಕ್ಕೆ ಸುಮಾರು 10 ಎಂಬಿ ಜಾಗ ತಿನ್ನುತ್ತದೆ, ಮೋನೋ (ಎರಡೂ ಕಡೆ ಒಂದೇ ಧ್ವನಿ) ಆದರೆ ಅದರರ್ಧ. 64 ಎಂಬಿ ಇದ್ದರೆ ಸ್ಟೀರಿಯೋದಲ್ಲಿ ಆರು ನಿಮಿಷ. ಚಾಪ್ ಮಾಡಿ ಬೀಟ್ ಕಟ್ಟುವವರಿಗೆ ಇದು ಧಾರಾಳ. ರ‍್ಯಾಪರ್‌ನ ಪೂರ್ಣ ಗಾಯನವನ್ನೂ ಅದರಲ್ಲೇ ಹಿಡಿಯಬೇಕೆನ್ನುವವರಿಗೆ ಸಾಲದು.

ಪಾಲಿಫೊನಿ ಎಂದರೆ ಒಂದೇ ಕ್ಷಣದಲ್ಲಿ ಎಷ್ಟು ಧ್ವನಿಗಳು ನುಡಿಯಬಲ್ಲವು ಎಂಬ ಲೆಕ್ಕ. ಅನೇಕ ಯಂತ್ರಗಳಲ್ಲಿ ಸ್ಟೀರಿಯೋ ಸ್ಯಾಂಪಲ್ ಎರಡು ಧ್ವನಿಗಳ ಜಾಗ ಹಿಡಿಯುತ್ತದೆ. ಮಿತಿ ಮೀರಿದರೆ ಹಳೆಯ ಧ್ವನಿ ಥಟ್ಟನೆ ಕತ್ತರಿಸಿಹೋಗುತ್ತದೆ. ಇದಕ್ಕೆ ಉಪಾಯ ರೀಸ್ಯಾಂಪ್ಲಿಂಗ್: ಯಂತ್ರದಿಂದ ಹೊರಬರುತ್ತಿರುವ ಧ್ವನಿಯನ್ನು, ಎಫೆಕ್ಟ್ ಸಮೇತ, ಅದೇ ಯಂತ್ರ ಮತ್ತೆ ದಾಖಲಿಸಿ ಒಂದೇ ಪ್ಯಾಡ್‌ಗೆ ಇಳಿಸುವುದು. ಹತ್ತು ಪದರಗಳು ಒಂದಾಗುತ್ತವೆ. ಹಿಂದಿರುಗಿ ತಿದ್ದಲು ಆಗದು, ಹಾಗಾಗಿ ಆಗಿಂದಾಗ್ಗೆ ತೀರ್ಮಾನ ತೆಗೆದುಕೊಳ್ಳುವ ಅಭ್ಯಾಸವಾಗುತ್ತದೆ.

ಇಂದಿನ ಯಂತ್ರಗಳು, ಅವುಗಳ ಸ್ವಭಾವ

ಅಕಾಯ್‌ನ ಎಂಪಿಸಿ ಕುಟುಂಬ ಬೀಟನ್ನು ಮೊದಲಿಂದ ಕೊನೆಯವರೆಗೆ ಒಂದೇ ಕಡೆ ಮುಗಿಸಲು ಬಯಸುವವರದು. 2017ರ ಎಂಪಿಸಿ ಲೈವ್, 2020ರ ಎಂಪಿಸಿ ಒನ್ ಎರಡರಲ್ಲೂ ಏಳು ಇಂಚಿನ ಸ್ಪರ್ಶಪರದೆ, ಹದಿನಾರು ಪ್ಯಾಡ್, 2 ಜಿಬಿ ರ‍್ಯಾಮ್ ಇವೆ. ರ‍್ಯಾಮ್‌ನ ಒಂದು ಪಾಲು ಯಂತ್ರದ ತಂತ್ರಾಂಶಕ್ಕೇ ಹೋಗುತ್ತದೆ. ಚಾಪ್, ಟೈಮ್ ಸ್ಟ್ರೆಚ್, ಗಾಯನದ ದಾಖಲೆ, ಮಿಶ್ರಣ ಎಲ್ಲವೂ ಸಾಧ್ಯ. ಇದರ ಬೆಲೆ ಕಲಿಕೆಯ ಸಮಯ: ಪುಟದೊಳಗೆ ಪುಟಗಳಿವೆ, ಕೆಲಸ ಕಂಪ್ಯೂಟರಿನಂತೆಯೇ ಅನಿಸತೊಡಗಬಹುದು. ಲೈವ್‌ನಲ್ಲಿ ಬ್ಯಾಟರಿ ಇದೆ, ಒನ್‌ಗೆ ವಿದ್ಯುತ್ ಸಂಪರ್ಕ ಬೇಕು.

ರೋಲ್ಯಾಂಡ್‌ನ ಎಸ್‌ಪಿ-404 ಸಾಲು 2005ರಲ್ಲಿ ಶುರುವಾಯಿತು. 2021ರ ಎಂಕೆ2 ಮಾದರಿಯಲ್ಲಿ 32 ಧ್ವನಿಗಳ ಪಾಲಿಫೊನಿ, 16 ಜಿಬಿ ಒಳಸಂಗ್ರಹ ಇದೆ. ಎಫೆಕ್ಟ್‌ಗಳು ಮತ್ತು ರೀಸ್ಯಾಂಪ್ಲಿಂಗ್ ಇದರ ಜೀವಾಳ. ಹಳೆಯ ಧ್ವನಿಮುದ್ರಿಕೆಯ ಕರಕರ ಸದ್ದು, ಉಸಿರಾಡುವಂತೆ ಧ್ವನಿಯ ಮಟ್ಟ ಹಿಗ್ಗಿ ಕುಗ್ಗುವುದು, ಇವನ್ನು ಕೈಯಿಂದ ತಿರುಗಿಸುತ್ತಲೇ ಮತ್ತೆ ದಾಖಲಿಸಬಹುದು. ಸುಮ್ಮನೆ ನುಡಿಸಿ ನೋಡುತ್ತಿದ್ದಾಗ ಒಳ್ಳೆಯದೇನೋ ಬಂದರೆ, ಈಗಷ್ಟೇ ನುಡಿದದ್ದನ್ನು ಹಿಂದಕ್ಕೆ ಹೋಗಿ ಹಿಡಿಯುವ ಸ್ಕಿಪ್ ಬ್ಯಾಕ್ ಎಂಬ ಸೌಲಭ್ಯವೂ ಇದೆ. ಮಸುಕು, ನಿಧಾನ ಗತಿಯ ಲೋ-ಫೈ ಬೀಟ್‌ನತ್ತ ಮನಸ್ಸಿರುವವರಿಗೆ ನಾನು ಮೊದಲು ತೋರಿಸುವ ಯಂತ್ರ ಇದು. ಹಾಡಿನ ಪೂರ್ಣ ರಚನೆ ಮಾಡಲು ಎಂಪಿಸಿಯಷ್ಟು ಸಲೀಸಲ್ಲ.

ಸ್ವೀಡನ್‌ನ ಎಲೆಕ್ಟ್ರಾನ್ ಸಂಸ್ಥೆಯ ಡಿಜಿಟ್ಯಾಕ್ಟ್ ಬಂದದ್ದು 2017ರಲ್ಲಿ. ಇದು ಸ್ಟೆಪ್ ಪದ್ಧತಿಯ ಯಂತ್ರ. ಪ್ರತಿ ಮನೆಗೂ ಬೇರೆ ಶ್ರುತಿ, ಬೇರೆ ಫಿಲ್ಟರ್ (ಧ್ವನಿಯ ಮಂದ್ರ ಅಥವಾ ತಾರ ಭಾಗವನ್ನು ಸೋಸುವುದು), ಬೇರೆ ಸ್ಯಾಂಪಲನ್ನೇ ಕೊಡಬಹುದಾದ್ದರಿಂದ ಸಣ್ಣ ಸಾಮಗ್ರಿಯಿಂದ ಬಹಳ ಚಲನೆ ಹುಟ್ಟುತ್ತದೆ. ಮೊದಲ ಮಾದರಿಯಲ್ಲಿ ಎಂಟು ಧ್ವನಿಪಥಗಳು, ಮೋನೋ ಸ್ಯಾಂಪಲ್ ಮಾತ್ರ, ಒಂದು ಪ್ರಾಜೆಕ್ಟ್‌ಗೆ 64 ಎಂಬಿ. 2024ರ ಡಿಜಿಟ್ಯಾಕ್ಟ್ 2 ಹದಿನಾರು ಪಥ ಮತ್ತು ಸ್ಟೀರಿಯೋ ತಂದಿತು. ಇದರ ಗುಂಡಿಗಳಿಗೆ ಪೆಟ್ಟಿನ ಬಲ ತಿಳಿಯುವುದಿಲ್ಲ. ಬೆರಳಿನಿಂದ ಡ್ರಮ್ ಬಾರಿಸುವುದೇ ಸುಖ ಎನ್ನುವವರಿಗೆ ಇದು ಸರಿಹೊಂದುವುದು ಕಷ್ಟ.

ಟೀನೇಜ್ ಎಂಜಿನಿಯರಿಂಗ್‌ನ ಪಿಒ-33 ಜೇಬಿಗೆ ಹಿಡಿಸುತ್ತದೆ: ಒಟ್ಟು 40 ಸೆಕೆಂಡು ಧ್ವನಿ, ಒಳಗೇ ಮೈಕ್, ಎರಡು ಸಣ್ಣ ಬ್ಯಾಟರಿ. 2023ರ ಕೊನೆಯಲ್ಲಿ ಬಂದ ಇಪಿ-133 ಕೆ.ಒ. 2 ಅದರ ದೊಡ್ಡ ಒಡಹುಟ್ಟು. ಬಂದಾಗ 64 ಎಂಬಿ ನೆನಪು, ಹನ್ನೆರಡು ಮೋನೋ ಅಥವಾ ಆರು ಸ್ಟೀರಿಯೋ ಧ್ವನಿಗಳು, ಒಳಗೇ ಮೈಕ್ ಮತ್ತು ಸ್ಪೀಕರ್. ಅಲೆಯ ಚಿತ್ರ ತೋರಿಸುವ ಪರದೆ ಎರಡರಲ್ಲೂ ಇಲ್ಲ. ಈ ಕೆಲಸ ತಮಗೆ ಹಿಡಿಸುತ್ತದೆಯೇ ಎಂದು ಕಂಡುಕೊಳ್ಳಲು ಹೊರಟವರಿಗೆ ಇಂಥ ಚಿಕ್ಕ ಯಂತ್ರ ಸಾಕು, ಮತ್ತು ಎಸ್‌ಪಿ-1200ರ ಹತ್ತು ಸೆಕೆಂಡುಗಳನ್ನು ನೆನೆದರೆ ಇದು ಚಿಕ್ಕದೆನ್ನಲೂ ಆಗದು.

ಹಳೆಯ ಯಂತ್ರ ಕೊಳ್ಳಬಹುದೇ?

1980 ಮತ್ತು 90ರ ದಶಕಗಳ ಯಂತ್ರಗಳು ಫ್ಲಾಪಿ ಡಿಸ್ಕ್ ನಂಬಿದ್ದವು. ಎಂಪಿಸಿ2000 ಎಕ್ಸ್‌ಎಲ್‌ನಂಥವುಗಳಲ್ಲಿ ವಿದ್ಯುತ್ ಹೋದರೆ ಡಿಸ್ಕ್‌ಗೆ ಉಳಿಸದ ಕೆಲಸವೆಲ್ಲ ಹೋದಂತೆ. ಪ್ಯಾಡ್‌ನ ಒಳಪದರ ಸವೆಯುತ್ತದೆ, ಗುಂಡಿಗಳು ಸ್ಪಂದಿಸುವುದನ್ನು ಬಿಡುತ್ತವೆ, ಪರದೆಯ ಬೆಳಕು ಮಂಕಾಗುತ್ತದೆ. ಫ್ಲಾಪಿಯ ಜಾಗದಲ್ಲಿ ಯುಎಸ್‌ಬಿ ಅಥವಾ ಮೆಮೊರಿ ಕಾರ್ಡ್ ಓದುವ ಸಾಧನ ಕೂರಿಸಿದ್ದಾರೆಯೇ, ಎಲ್ಲ ಪ್ಯಾಡ್‌ಗಳೂ ಮೆಲುಪೆಟ್ಟಿಗೆ ಓಗೊಡುತ್ತವೆಯೇ, ದಾಖಲಿಸುವ ಎರಡೂ ಬದಿಯ ಕಿಂಡಿಗಳು ಕೆಲಸ ಮಾಡುತ್ತವೆಯೇ ಎಂದು ಕೈಯಾರೆ ಪರೀಕ್ಷಿಸದೆ ಕೊಳ್ಳಬಾರದು. ಮೊದಲ ಯಂತ್ರವಾಗಿ ಇವನ್ನು ನಾನು ಸೂಚಿಸುವುದಿಲ್ಲ.

ಧ್ವನಿ ಒಳಗೆ ಬರುವ ದಾರಿ, ಮತ್ತು ಹಕ್ಕು

ತಿರುಗುಮಣೆಯಿಂದ ಸ್ಯಾಂಪಲ್ ತೆಗೆಯುವವರು ಗಮನಿಸಬೇಕಾದ ಸಂಗತಿ ಇದು: ಮುಳ್ಳಿನಿಂದ ಬರುವ ಸಂಕೇತ ಬಹಳ ಕ್ಷೀಣ, ಮತ್ತು ಮುದ್ರಣದ ವೇಳೆ ಅದರ ಮಂದ್ರವನ್ನು ತಗ್ಗಿಸಿರುತ್ತಾರೆ. ಅದನ್ನು ಸರಿಪಡಿಸಲು ಫೋನೋ ಪ್ರೀಆಂಪ್ ಬೇಕು. ಎಂಪಿಸಿ ಲೈವ್‌ನಂಥ ಕೆಲವು ಯಂತ್ರಗಳಲ್ಲಿ ಅದು ಒಳಗೇ ಇದೆ, ಹೆಚ್ಚಿನವುಗಳಲ್ಲಿ ಇಲ್ಲ. ಮೊಬೈಲ್‌ನಿಂದ ಧ್ವನಿ ತರುವವರಿಗೆ ಯುಎಸ್‌ಬಿ ಮೂಲಕ ನೇರವಾಗಿ ದಾಖಲಿಸಬಹುದೇ ಎಂಬುದು ಮುಖ್ಯ. ಎಸ್‌ಪಿ-404 ಎಂಕೆ2ರಲ್ಲಿ ಅದು ಸಾಧ್ಯ.

ಬೇರೆಯವರ ಧ್ವನಿಮುದ್ರಿಕೆಯಿಂದ ತುಣುಕು ತೆಗೆದು ಬೀಟ್ ಪ್ರಕಟಿಸಿದರೆ ಎರಡು ಹಕ್ಕುಗಳು ಎದುರಾಗುತ್ತವೆ: ಮುದ್ರಿತ ಧ್ವನಿಯದು ಒಂದು, ಸಂಗೀತ ರಚನೆಯದು ಇನ್ನೊಂದು. ಇಬ್ಬರ ಅನುಮತಿಯೂ ಬೇಕಾಗಬಹುದು. ಅಮೆರಿಕದಲ್ಲಿ 1991ರಲ್ಲಿ ರ‍್ಯಾಪರ್ ಬಿಝ್ ಮಾರ್ಕಿ ವಿರುದ್ಧ ಬಂದ ನ್ಯಾಯಾಲಯದ ತೀರ್ಪಿನ ನಂತರ ಸಂಗೀತ ಸಂಸ್ಥೆಗಳು ಅನುಮತಿಯಿಲ್ಲದ ಸ್ಯಾಂಪಲ್‌ಗಳನ್ನು ಹೊರತರಲು ಹಿಂಜರಿಯತೊಡಗಿದವು. ಕಲಿಯುವವರು ಸ್ವಂತ ಧ್ವನಿ, ಗೆಳೆಯರ ವಾದ್ಯ, ಬಳಕೆಗೆ ಅನುಮತಿ ಪಡೆದ ಸಂಗ್ರಹಗಳಿಂದ ಶುರುಮಾಡಿದರೆ ಪ್ರಕಟಿಸುವಾಗ ತೊಡಕಿಲ್ಲ.

ಕೊಳ್ಳುವ ಮುನ್ನ ಒಂದು ಸಂಜೆ

ತಯಾರಕರು ಕೈಪಿಡಿಗಳನ್ನು ಉಚಿತವಾಗಿ ಅಂತರಜಾಲದಲ್ಲಿ ಇಟ್ಟಿರುತ್ತಾರೆ. ಮನಸ್ಸಿನಲ್ಲಿರುವ ಎರಡು ಯಂತ್ರಗಳ ಕೈಪಿಡಿ ಇಳಿಸಿಕೊಂಡು, ದಾಖಲಿಸುವುದು, ಕತ್ತರಿಸುವುದು, ಉಳಿಸುವುದು ಎಂಬ ಮೂರು ಅಧ್ಯಾಯಗಳನ್ನು ಓದಿ. ಒಂದು ಧ್ವನಿಯನ್ನು ಹಿಡಿದು, ಎಂಟು ಚೂರು ಮಾಡಿ, ಎರಡು ಬಾರ್ ನುಡಿಸಿ, ಉಳಿಸಲು ಎಷ್ಟು ಗುಂಡಿಗಳನ್ನು ಒತ್ತಬೇಕೆಂದು ಕಾಗದದ ಮೇಲೆ ಬರೆಯುತ್ತಾ ಹೋಗಿ. ಯಂತ್ರವನ್ನು ಕೈಯಲ್ಲಿ ಹಿಡಿದು ನೋಡುವ ಅವಕಾಶ ಸಿಕ್ಕರೆ ಸಿದ್ಧವಾಗಿ ತುಂಬಿಟ್ಟ ಬೀಟ್‌ಗಳನ್ನು ಕೇಳುತ್ತಾ ಕೂರದೆ, ಖಾಲಿ ಪ್ರಾಜೆಕ್ಟ್ ತೆರೆದು ಅದೇ ಹಾದಿಯನ್ನು ನಡೆದು ನೋಡಿ.